ದುಃಖ ಮುಗಿಸುವ ಬಟ್ಟೆ

ಹುಡುಗಿ ತನ್ನ ಭುಜ ಹಿಡಿದಿಲ್ಲ ಎಂಬುದು ಹಣಮಂತ್ರಾಯನ ಗಮನಕ್ಕೆ ಬಂದದ್ದು ಸ್ವಾರಗೇಟಿನ ಸಿಗ್ನಲ್ಲಿನಲ್ಲಿ. ಮೊದಲೆಲ್ಲ ಸ್ಕೂಟರಿನ ಹಿಂದೆ ಕೂತಳೆಂದರೆ ಎರಡೂ ಕೈ ಅವನ ಭುಜದ ಮೇಲಿಟ್ಟು, ಕಿವಿಯ ಹತ್ತಿರ ಬಾಯಿ ತಂದು, ಗಾಳಿಗೆ ಮಾತು ಹಾರಿಹೋದರೆ ಅದನ್ನೇ ಮತ್ತೆ ಒದರಿ ಹೇಳುತ್ತಿದ್ದಳು. ಇವತ್ತು ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದು, ಗುರುತಿಲ್ಲದವರ ಗಾಡಿ ಹತ್ತಿದವಳ ಹಾಗೆ ದೂರ ಕೂತಿದ್ದಾಳೆ. ಅವನು ಬೇಕೆಂದೇ ಒಮ್ಮೆ ಬ್ರೇಕನ್ನು ಜೋರಾಗಿ ಒತ್ತಿದ. ಹುಡುಗಿ ಮುಂದಕ್ಕೆ ಬಾಗಿದಳು, ಅವನ ಬೆನ್ನಿಗೆ ತಾಗುವಷ್ಟರಲ್ಲಿ ತಡೆದುಕೊಂಡಳು, ಮತ್ತೆ ಹಿಂದಕ್ಕೆ ಸರಿದಳು. ಐವತ್ತರ ಹತ್ತಿರ ಬಂದ ಗಂಡಸು, ಹದಿನಾರರ ಹುಡುಗಿಯ ಕೈ ಭುಜದ ಮೇಲೆ ಬೀಳಲಿ ಎಂದು ಬ್ರೇಕು ಒತ್ತುವುದು! ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸಿಗ್ನಲ್ಲು ಹಸಿರಾಗಿ ಹಿಂದಿನವರು ಹಾರ್ನು ಬಾರಿಸತೊಡಗಿದರು.

ಸ್ನೇಹಲ್ ಅವನ ತಂಗಿ ಅನುಸೂಯಾಳ ಮಗಳು. ಅನುಸೂಯಾ ತೀರಿಕೊಂಡು ತಿಂಗಳಾಗಿತ್ತು. ನಾಳೆ ರವಿವಾರ ತವರಿನವರು ಹೋಗಿ, ಗಂಡನಿಗೂ ಮಗಳಿಗೂ ಹೊಸ ಬಟ್ಟೆ ಕೊಟ್ಟು, ಹಣೆಗೆ ಕುಂಕುಮ ಹಚ್ಚಿ, ಗುಡಿಗೆ ಕರೆದುಕೊಂಡು ಹೋಗಿ ಬಂದರೆ ಆ ಮನೆಯ ದುಃಖ ಮುಗಿಯಿತು ಎಂದು ಅರ್ಥ. ಮುಗಿಯುತ್ತದೋ ಬಿಡುತ್ತದೋ, ಮುಗಿಯಿತು ಎಂದು ನಾಲ್ಕು ಜನ ಒಪ್ಪಿಕೊಳ್ಳಬೇಕು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಗ್ಗರಣೆ ಹಾಕಬಹುದು, ಟೀವಿ ಹಚ್ಚಬಹುದು, ನಗಬಹುದು. ತವರು ಅಂತ ಉಳಿದವನು ಹಣಮಂತ್ರಾಯನೊಬ್ಬನೇ. ಭಾವ ರಾಮಲಿಂಗಪ್ಪನಿಗೆ ಒಂದು ಪ್ಯಾಂಟು ಶರ್ಟಿನ ಅರಿವೆ ತಂದಿಟ್ಟಾಗಿತ್ತು. ಉಳಿದದ್ದು ಹುಡುಗಿಯದು. ಬೆಳಿಗ್ಗೆ ಹೊರಡುವಾಗ ಹೆಂಡತಿ ರಂಜನಾ ಬಾಗಿಲ ತನಕ ಬಂದು ಎಚ್ಚರಿಸಿದ್ದಳು. "ಕರೇದೊಂದು ಬಿಟ್ಟು ಯಾವ ಬಣ್ಣದ್ದರ ತರ್ರಿ. ಆ ಹುಡಿಗಿ ಮಾರಿ ನೋಡಿ ಕರಗಿ, ಮತ್ತ ಆ ಭೂತದ ಅಂಗಿ ತಂದೀರಿ. ನಾಳೆ ಎಲ್ಲಾರೂ ಬಾಯಿ ಬಡಕೋತಾರ." ಅವನು ಹೂಂ ಅಂದಿದ್ದ. ಆದರೆ ಕರೀದೇ ಕೊಡಿಸಬೇಕೆಂದು ಮೂರು ದಿನದ ಹಿಂದೆಯೇ ಅವನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಹಾಗೆ ಗಟ್ಟಿಯಾದ ಗಳಿಗೆಯಿಂದ ತಾನು ದೊಡ್ಡ ಮನಸ್ಸಿನವನೆಂದು ಸ್ವಲ್ಪ ಅನಿಸಿಯೂ ಇತ್ತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಈ ಹುಡುಗಿಗೆ ಬಟ್ಟೆ ತರುವುದು ಅವನ ಹಕ್ಕು. ತೊಟ್ಟಿಲಿಗೆ ಹಾಕಿದ ದಿನದ ಜುಬ್ಬಾದಿಂದ ಹಿಡಿದು ಪ್ರತಿ ದೀಪಾವಳಿಯ ಫ್ರಾಕಿನವರೆಗೆ ಅವನದೇ ಆಯ್ಕೆ. ಖಡಕಿಯಲ್ಲಿ ಮಿಲಿಟರಿ ಸ್ಟೋರಿನ ಕ್ಲಾರ್ಕನಿಗೆ ಬಣ್ಣ ಎಂದರೆ ಖಾಕಿ, ಹಸಿರು, ಮತ್ತೆ ಖಾಕಿ. ಹೀಗಾಗಿ ವರ್ಷಕ್ಕೊಮ್ಮೆ ಕ್ಯಾಂಪ್ ಪೇಟೆಯ ಅಂಗಡಿಗಳಲ್ಲಿ ಗುಲಾಬಿ, ನೇರಳೆ, ಜರಿ, ಲೇಸುಗಳ ನಡುವೆ ಕೈಯಾಡಿಸುವುದು ಅವನಿಗೆ ಹಬ್ಬದಷ್ಟೇ ಹಬ್ಬ. ಎರಡು ವರ್ಷದ ಹಿಂದೆ, 2001ರ ದೀಪಾವಳಿಗೆ, ಹುಡುಗಿ ಗುಲಾಬಿಯನ್ನು ಪಕ್ಕಕ್ಕೆ ಸರಿಸಿ, ರಸ್ತೆಬದಿಯ ಸಾಲಿನಲ್ಲಿ ತೂಗುಹಾಕಿದ್ದ ತಲೆಬುರುಡೆಯ ಚಿತ್ರದ ಕರಿ ಅಂಗಿಗೆ ಬೆರಳು ತೋರಿಸಿದಳು. "ಇದು ಬೇಕು ಮಾಮಾ." ಅವನು ನಕ್ಕುಬಿಟ್ಟ. ಅದಕ್ಕೊಂದು ಹೆಸರಿದೆಯಂತೆ, ಗಾಥ್ ಅಂತಾರಂತೆ, ದುಃಖವನ್ನು ಮುಚ್ಚಿಡಬಾರದು, ಮೈಮೇಲೆ ಹಾಕಿಕೊಂಡು ತಿರುಗಬೇಕು ಅನ್ನುವವರಂತೆ. "ನಿನಗೇನವ್ವಾ ಅಂಥಾ ದುಃಖ? ಹೊಟ್ಟಿ ತುಂಬ ಉಣ್ಣಾಕ ಅದ, ಸಾಲಿ ಅದ," ಎಂದು ಕಾಡಿಸುತ್ತಲೇ ಕೊಡಿಸಿದ. ಮುಂದೆ ಖಡಕಿ ಬಜಾರಿನಲ್ಲಿ, ಸಿಪಾಯಿಗಳು ಮಾರಿಬಿಡುವ ದಪ್ಪ ಬೂಟುಗಳ ರಾಶಿಯಲ್ಲಿ ತಾನೇ ಅರ್ಧ ತಾಸು ಕುಕ್ಕರುಗಾಲಿನಲ್ಲಿ ಕೂತು ಅವಳ ಅಳತೆಯ ಜೋಡಿಯನ್ನು ಹುಡುಕಿ ತಂದ. ಆಗ ಅವನಿಗೆ ಅದೆಲ್ಲ ಆಟವಾಗಿತ್ತು. ಕಣ್ಣಿಗೆ ಕಾಡಿಗೆ ಮೆತ್ತಿಕೊಂಡು, ಉಗುರಿಗೆ ಕರಿ ಬಣ್ಣ ಹಚ್ಚಿಕೊಂಡು ಬಂದ ಮಗಳನ್ನು ಅನುಸೂಯಾ ಬೈಯಲಿಲ್ಲ. ತನ್ನ ಸಂಕ್ರಾಂತಿಯ ಕರಿ ಸೀರೆಯನ್ನು ಕತ್ತರಿಸಿ ಅವಳ ಅಂಗಿಗೆ ಉದ್ದ ತೋಳು ಹೊಲಿದು ಕೊಟ್ಟಳು. "ಈ ಊರಾಗ ಸಂಕ್ರಾಂತಿಗೆ ಕರೇದು ನಡೀತದಣ್ಣಾ. ನನ್ನ ಮಗಳಿಗೆ ವರ್ಷಪೂರ್ತಿ ಸಂಕ್ರಾಂತಿ, ಅಷ್ಟೇ," ಎಂದು ನಕ್ಕಳು. ಆ ನಗೆ ಅವನಿಗೆ ಚುಚ್ಚಿತು ಕೂಡ. ತಾಯಿ ಮಗಳು ತನ್ನನ್ನು ಬಿಟ್ಟು ಇಬ್ಬರೇ ಏನೋ ಹಂಚಿಕೊಂಡಿದ್ದಾರೆ ಎನಿಸಿತು.

ಕ್ಯಾಂಪಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗಲಿಲ್ಲ. ಎರಡು ಸುತ್ತು ಹಾಕಿ ಬೇಕರಿಯೊಂದರ ಪಕ್ಕ ನಿಲ್ಲಿಸಿದ. ಶನಿವಾರದ ಮಧ್ಯಾಹ್ನ, ಕಾಲೇಜಿನ ಹುಡುಗಿಯರು ಗುಂಪುಗುಂಪಾಗಿ ನಗುತ್ತ ಹೋಗುತ್ತಿದ್ದರು. ಅವರಲ್ಲೊಬ್ಬಳು ಸ್ನೇಹಲ್‌ಳನ್ನು ಗುರುತಿಸಿ ಕೈಯೆತ್ತಿದಳು, ಮೈಮೇಲಿನ ಬಟ್ಟೆ ನೋಡಿ ಗೊಂದಲವಾಗಿ ಕೈ ಇಳಿಸಿದಳು. ಹುಡುಗಿ ಅಪ್ಪನ ಹಳೆಯ ಬಿಳಿ ಅಂಗಿಯೊಂದನ್ನು ಹಾಕಿಕೊಂಡಿದ್ದಳು, ತೋಳು ಮಡಚಿ. ತಿಂಗಳಿಂದ ಹೀಗೇ. ಉಗುರಿನ ತುದಿಯಲ್ಲಿ ಮಾತ್ರ ಒಂದಿಷ್ಟು ಕರಿ ಬಣ್ಣ ಉಳಿದಿತ್ತು. ಅವಳು ಅದನ್ನು ಕೆರೆದು ತೆಗೆದಿರಲಿಲ್ಲ, ಮತ್ತೆ ಹಚ್ಚಿರಲೂ ಇಲ್ಲ, ಉಗುರು ಬೆಳೆದಂತೆ ಅದು ತಾನೇ ಮುಂದಕ್ಕೆ ಸರಿದುಹೋಗುತ್ತಿತ್ತು. "ಏನರ ತಿಂತೀಯೇನವ್ವಾ?" ಎಂದು ಕೇಳಿದ. "ಬ್ಯಾಡ್ರಿ," ಎಂದಳು. ಈ 'ರಿ' ಕೂಡ ಹೊಸದು. ಹುಟ್ಟಿದಾಗಿನಿಂದ ಅವಳು ಅವನಿಗೆ ಬಾ ಮಾಮಾ, ಹೋಗು ಮಾಮಾ ಎಂದವಳು. ದೊಡ್ಡವಳಾಗಿದ್ದಾಳೆ ಎಂದು ರಂಜನಾ ಮೆಚ್ಚಿದ್ದಳು.

ತಾಯಿ ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಅವಳು ಆ ಉದ್ದ ತೋಳಿನ ಕರಿ ಅಂಗಿಯಲ್ಲೇ ಇದ್ದಳು. ಅನುಸೂಯಾಳಿಗೆ ಎದೆನೋವು ಬಂದು ನಾಲ್ಕು ದಿನವಾಗಿತ್ತು, ಗಂಡಾಂತರ ಕಳೆಯಿತು, ಮಂಗಳವಾರ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ನಿದ್ದೆ ಹೋದ ತಾಯಿಯ ತಲೆದೆಸೆಗೆ ಸ್ಟೂಲು ಹಾಕಿಕೊಂಡು ಹುಡುಗಿ ಕೂತಿದ್ದಳು. ಆಗ ಅವನ ಆಫೀಸಿನ ಸಾಹೇಬರು ಬಂದರು, ಕೈಯಲ್ಲಿ ಮೋಸಂಬಿಯ ಚೀಲ. ಸಾಹೇಬರು ತನ್ನ ತಂಗಿಯನ್ನು ನೋಡಲು ಬಂದದ್ದೇ ಅವನಿಗೆ ದೊಡ್ಡ ಮಾತು. ಅವರು ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿ, "ಏನು ಹನುಮಂತರಾವ್, ರೋಗಿಯ ತಲೆದೆಸೆಗೆ ಭೂತವನ್ನ ಕೂಡಿಸಿದ್ದೀರಲ್ಲ!" ಎಂದು ಮರಾಠಿಯಲ್ಲಿ ತಮಾಷೆ ಮಾಡಿದರು. ಹಣಮಂತ್ರಾಯ ನಕ್ಕ. ಬೇಕಾದದ್ದಕ್ಕಿಂತ ಹೆಚ್ಚೇ ನಕ್ಕ. ನಗುತ್ತ ನಗುತ್ತ ಹುಡುಗಿಯ ಕಡೆ ನೋಡಿದರೆ ಅವಳು ಅವನನ್ನೇ ನೋಡುತ್ತಿದ್ದಳು. ಸಾಹೇಬರನ್ನು ಗೇಟಿನ ತನಕ ಬಿಟ್ಟು ಬಂದ. ತನ್ನ ಮೇಲಿನ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು.

"ಮನೀಗೆ ಹೋಗು," ಎಂದ. "ಇದನ್ನೆಲ್ಲಾ ತಗದೊಗದು ಮನಶ್ಯಾರ ಹಂಗ ಬಟ್ಟಿ ಹಾಕ್ಕೊಂಡು ಬಾ. ಜಡ್ಡಾದವರ ಮುಂದ ಕರೇದು ಹಾಕ್ಕೊಂಡು ಕೂತರ ಚಲೋ ಆದೀತೇನು?"

"ಅವ್ವ ಎದ್ದಮ್ಯಾಲೆ ಹೋಗ್ತೀನಿ ಮಾಮಾ."

"ಈಗ ಹೋಗು. ಮಧ್ಯಾಹ್ನದ ಬಸ್ಸಿಗೆ ನಿಮ್ಮ ಯಂಕವ್ವತ್ತಿ ಬರ್ತಾಳ. ಆಕಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ."

ಅವಳು ಎದ್ದು ಹೋದಳು. ದೊಡ್ಡ ಬೂಟಿನ ಸಪ್ಪಳ ವಾರ್ಡಿನ ತುದಿಯವರೆಗೆ ಕೇಳಿಸಿತು. ಒಂದೂವರೆ ತಾಸಿನಲ್ಲಿ ತಿರುಗಿ ಬಂದಳು. ಹೋದ ದೀಪಾವಳಿಗೆ ಅವನು ಹಟ ಮಾಡಿ ಕೊಡಿಸಿ, ಅವಳು ಒಮ್ಮೆಯೂ ಮುಟ್ಟದ ಗುಲಾಬಿ ಚೂಡಿದಾರ, ಕನ್ನಡಿ ಚೂರಿನ ಕಸೂತಿಯದು. ಮುಖ ತೊಳೆದು, ತಲೆ ಬಾಚಿ, ಹಣೆಗೊಂದು ಟಿಕಳಿ ಸಹ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ ಅನುಸೂಯಾಳ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಎರಡನೆಯ ಸಲ ಎದೆ ಹಿಡಿದುಕೊಂಡಾಗ ಹತ್ತಿರವಿದ್ದವನು ಅಣ್ಣನೊಬ್ಬನೇ. ಗಂಡ ಔಷಧದ ಅಂಗಡಿಯಲ್ಲಿದ್ದ. ಹುಡುಗಿ ಮಂಚದ ಹತ್ತಿರ, ಆ ಬಣ್ಣದ ಬಟ್ಟೆಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತದ್ದನ್ನೇ ಆಗ ಬಂದಿಳಿದ ಯಂಕವ್ವ ನೋಡಿದ್ದು. ರಾಮಲಿಂಗಪ್ಪನ ಅಕ್ಕ, ಬಿಜಾಪುರದ ಬಸ್ಸಿಳಿದು ಚೀಲದ ಸಮೇತ ಬಂದವಳು. ಅವಳ ಬಾಯಿಂದ ಮೊದಲು ಬಂದದ್ದು ಅಳುವಲ್ಲ. "ತಾಯಿ ಇಲ್ಲಿ ಜೀವಾ ಬಿಡಾಕತ್ತಿದ್ರ, ಮಗಳು ಮನೀಗೆ ಹೋಗಿ ಸಿಂಗಾರ ಮಾಡ್ಕೊಂಡು ಬಂದಾಳಲ್ಲೋ ಶಿವನೇ!"

ಆ ಮಾತು ಮೂರನೆಯ ದಿನವೂ ಕೇಳಿತು, ಒಂಬತ್ತನೆಯ ದಿನವೂ ಕೇಳಿತು, ಊರಿಂದ ಬಂದವರೆಲ್ಲರ ಬಾಯಲ್ಲಿ ತಿರುಗಿ ತಿರುಗಿ ಹಣಮಂತ್ರಾಯನ ಕಿವಿಗೇ ಬಂತು. ನಾನೇ ಮನೀಗೆ ಕಳಿಸಿದ್ದೆ ಎಂಬ ಮೂರು ಶಬ್ದ ಅವನ ಹತ್ತಿರ ಇದ್ದವು. ಪ್ರತಿ ಸಲವೂ ಅವನು ದೀಪಕ್ಕೆ ಎಣ್ಣೆ ಇದೆಯೋ ನೋಡಲು ಎದ್ದ, ಇಲ್ಲವೆ ನೀರು ಕುಡಿಯಲು ಒಳಗೆ ಹೋದ. ಹುಡುಗಿಯಾದರೂ ಹೇಳಬಹುದಿತ್ತು. ಮಾಮಾ ಕಳಿಸಿದ, ನಾ ಬ್ಯಾಡ ಅಂದೆ ಎಂದು ಅವಳು ಒದರಿದ್ದರೆ ಅವನು ತಲೆ ತಗ್ಗಿಸಿ ಹೌದು ಅನ್ನುತ್ತಿದ್ದ, ಖಂಡಿತ ಅನ್ನುತ್ತಿದ್ದ, ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವಳು ಬಾಯಿ ಬಿಡಲಿಲ್ಲ. ರಾಮಲಿಂಗಪ್ಪ ಮಗಳ ಜೊತೆ ಮಾತು ಬಿಟ್ಟ. ತಾಟು ಮುಂದಿಟ್ಟರೆ ಉಂಡು ಏಳುತ್ತಿದ್ದ, ಅಷ್ಟೇ. ಅವಳು ಕರಿ ಅಂಗಿಗಳನ್ನೆಲ್ಲ ಗಂಟು ಕಟ್ಟಿ, ಹಳೆ ಬಟ್ಟೆ ತಗೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸಿಗೆ ಹಾಕಿಬಿಟ್ಟಳು ಎಂದು ರಂಜನಾ ಬಂದು ಹೇಳಿದಾಗ, ಪಾಪ, ಬುದ್ಧಿ ಬಂತು ಹುಡುಗಿಗೆ ಎಂದು ಹೇಳಿದಾಗ, ಅವನು ತಾಟು ಅರ್ಧಕ್ಕೇ ಬಿಟ್ಟು ಎದ್ದ. ಇವತ್ತು ಕರೀದು ಕೊಡಿಸಬೇಕು, ಕೊಡಿಸುವಾಗ ಕ್ಷಮಿಸು ಅನ್ನಬೇಕು, ನಾಳೆ ಎಲ್ಲರ ಮುಂದೆ ಆ ಮೂರು ಶಬ್ದ ಹೇಳಬೇಕು. ಮೂರು ದಿನದಿಂದ ಅವನು ಇದನ್ನೇ ಪಾಠದ ಹಾಗೆ ಬಾಯಿಪಾಠ ಮಾಡಿದ್ದ.

ಗೋರಂಟಿ ಹಚ್ಚಿದ ಗಡ್ಡದ ಅಂಗಡಿಯವನು ಹುಡುಗಿಯನ್ನು ಕಂಡ ಕೂಡಲೆ ಗುರುತು ಹಿಡಿದ. ಬಹಳ ದಿನವಾಯಿತು, ಹೊಸ ಮಾಲು ಬಂದಿದೆ ಎಂದು ಹಿಂದಿಯಲ್ಲಿ ಹೇಳುತ್ತ, ಕೇಳುವ ಮೊದಲೇ ಕರಿ ಅಂಗಿಗಳ ಕಟ್ಟು ಬಿಚ್ಚಿದ. ಬುರುಡೆಯವು, ರೆಕ್ಕೆಯವು, ಸರಪಳಿ ತೂಗುವವು. "ನೋಡವ್ವಾ, ನಿನಗ ಯಾವದು ಬೇಕು ಅದು ತಗೋ," ಎಂದ ಹಣಮಂತ್ರಾಯ. ತನ್ನ ದನಿ ಅಂಗಡಿಯವನ ದನಿಗಿಂತ ಹೆಚ್ಚು ಮಾರಾಟದ ದನಿಯಾಗಿ ಅವನಿಗೇ ಕೇಳಿಸಿತು. ಹುಡುಗಿ ಅವನ ಕಡೆ ನೋಡಿದಳು, ಇದು ಪರೀಕ್ಷೆಯೋ ಏನೋ ಎಂಬಂತೆ. "ನಾಳಿಗೆ ಕರೇದು ನಡೀತದೇನ್ರಿ?" ಎಂದು ಕೇಳಿದಳು. "ನಡಸ್ತೀನಿ. ನಾ ಇದ್ದೀನಲ್ಲ." ಇಷ್ಟು ಧೈರ್ಯದ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೆ ಎದೆ ತುಂಬಿ ಬಂತು. ಅವಳು ಕಟ್ಟಿನಿಂದ ಒಂದನ್ನು ಎಳೆದಳು. ಅದರ ಮೇಲೆ ಚಿತ್ರವಿರಲಿಲ್ಲ. ತೆಳುವಾದ, ಕತ್ತಿನ ಸುತ್ತ ಸಣ್ಣ ಲೇಸಿನ, ಬರೀ ಕಪ್ಪು. ಅದನ್ನು ಎದೆಗೆ ಹಿಡಿದು ಕಂಬಕ್ಕೆ ತೂಗುಹಾಕಿದ ಕನ್ನಡಿಯ ಮುಂದೆ ನಿಂತಳು. ತಿಂಗಳಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಾಯಿತು. ದೇವರೇ, ಇಷ್ಟೇ ಆದರೂ ಸಾಕು ಎಂದುಕೊಂಡ ಅವನು.

ಕನ್ನಡಿಯಲ್ಲಿ ನೋಡುತ್ತಲೇ ಅವಳು ಕೇಳಿದಳು. "ಮಾಮಾ, ಆವತ್ತ ನಾ ಹೋದಮ್ಯಾಲೆ ಅವ್ವಗ ಎಚ್ಚರ ಆಗಿತ್ತಾ?"

ಬಾಯಿಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. "ಆಗಿತ್ತು," ಎಂದ.

"ನಾ ಎಲ್ಲಿ ಅಂತ ಕೇಳಿದ್ಲಾ?"

"ಕೇಳಿದ್ಲು."

"ನೀವ ಏನಂದ್ರಿ?"

"ಬಟ್ಟಿ ಬದಲಿ ಮಾಡಾಕ ಕಳಿಸೀನಿ ಅಂದೆ."

"ಅದಕ್ಕ ಅವ್ವ ಏನಂದ್ಲು?"

ಅನುಸೂಯಾ ಕಣ್ಣು ಬಿಟ್ಟು, ಖಾಲಿ ಸ್ಟೂಲಿನ ಕಡೆ ಕೈ ಚಾಚಿದ್ದಳು. ಅವನ ಉತ್ತರ ಕೇಳಿ ಹುಬ್ಬು ಗಂಟು ಹಾಕಿ, "ಯಾಕ ಕಳಿಸಿದ್ಯೋ ಅಣ್ಣಾ? ಆಕಿ ಹಂಗೇ ಚಂದ ಕಾಣತಾಳ. ಲಗೂನ ಕರಸು," ಎಂದಿದ್ದಳು. ಅವಳು ಆಡಿದ ಕೊನೆಯ ಮಾತು ಅದು. ಬರ್ತಾಳ, ಸುಮ್ಮನ ಮಲಕೋ ಎಂದು ಅವನು ಗದರಿದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಈ ಮಾತನ್ನು ಅವನು ರಂಜನಾಳಿಗೂ ಹೇಳಿರಲಿಲ್ಲ. ಇದು ತನ್ನದಲ್ಲ, ಈ ಹುಡುಗಿಗೆ ಸೇರಬೇಕಾದದ್ದು, ತಾಯಿ ಮಗಳಿಗೆ ಬಿಟ್ಟುಹೋದದ್ದು ಎಂದರೆ ಇದೊಂದೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅವಳು ಇಲ್ಲೇ, ಈ ಸಂತೆಯ ನಡುವೆ, ಕುಸಿದು ಅಳುತ್ತಾಳೆ. ಅತ್ತ ಮೇಲೆ ಹಗುರಾಗುತ್ತಾಳೆ. ಹಗುರಾದ ಮೇಲೆ ತಲೆಯೆತ್ತಿ, ಮತ್ತ ನೀ ಯಾಕ ಕಳಿಸಿದಿ ಮಾಮಾ ಎಂದು ಕೇಳುತ್ತಾಳೆ. ಅನುಸೂಯಾ ಕೇಳಿದ್ದೂ ಅದನ್ನೇ. ಸಾಹೇಬರು ನಕ್ಕರು, ನಾನೂ ನಕ್ಕೆ, ಅದಕ್ಕೆ ಎಂದು ಯಾವ ಬಾಯಿಂದ ಹೇಳುವುದು? ಅಂಗಡಿಯವನು ಗಡ್ಡ ಕೆರೆದುಕೊಳ್ಳುತ್ತ ಇಬ್ಬರನ್ನೂ ನೋಡುತ್ತಿದ್ದ. ಕನ್ನಡಿಯಲ್ಲಿ ಹುಡುಗಿಯ ಕಣ್ಣು ಅಲುಗಲಿಲ್ಲ. ಹೇಳು, ಹೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು.

"ಏನೂ ಅನ್ನಲಿಲ್ಲವ್ವಾ," ಎಂದ. ಅದು ಸಾಲದು ಎನಿಸಿ, "ಹೂಂ ಅಂದ್ಲು. ಹೂಂ ಅಂದು ಸಮಾಧಾನಲೆ ಕಣ್ಣ ಮುಚ್ಚಿದ್ಲು," ಎಂದು ಸೇರಿಸಿದ. ಸೇರಿಸುವಾಗ ಅವನ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು.

"ಹೂಂ ಅಂದ್ಲಾ?"

"ಹೂಂ."

ಹುಡುಗಿ ಕರಿ ಅಂಗಿಯನ್ನು ಎದೆಯಿಂದ ಇಳಿಸಿ, ತೋಳು ಒಳಗೆ ಮಡಚಿ, ನೆರಿಗೆ ಬೀಳದಂತೆ ಸವರಿ, ಕಟ್ಟಿನ ಮೇಲೆ ಇಟ್ಟಳು. "ಹಂಗಾದ್ರ ಅವ್ವಗೂ ಅದೇ ಬೇಕಾಗಿತ್ತು," ಎಂದಳು. "ನಾ ಸುಮ್ಮನ ನಿಮ್ಮ ಮ್ಯಾಲೆ ಸಿಟ್ಟ ಮಾಡ್ಕೊಂಡಿದ್ದೆ." "ಇರಲಿ ತಗೋವ್ವಾ, ಚಲೋ ಅದ ಅದು, ನಾ ಕೊಡಸ್ತೀನಿ, ತಗೋ," ಎಂದು ಆ ಅಂಗಿಯನ್ನೇ ಎತ್ತಿ ಅವಳ ಕೈಗೆ ತುರುಕಲು ನೋಡಿದ. ಅಂಗಡಿಯವನಿಗೆ ಇದು ವಿಚಿತ್ರವೆನಿಸಿರಬೇಕು. ದೊಡ್ಡವರು ಕಸಿದುಕೊಳ್ಳುವುದನ್ನು ಅವನು ದಿನಾ ನೋಡುವವನು, ಹೀಗೆ ತುರುಕುವುದನ್ನಲ್ಲ. ಹುಡುಗಿ ರಸ್ತೆ ದಾಟಿ ಎದುರಿನ ಚೂಡಿದಾರದ ಅಂಗಡಿಗೆ ಹೋಗಿ, ಬಾಗಿಲಲ್ಲೇ ತೂಗುಹಾಕಿದ್ದ ಹಳದಿಯದೊಂದನ್ನು ತೋರಿಸಿ, ಮೈಗೆ ಹಿಡಿದು ಸಹ ನೋಡದೆ, ಕಟ್ಟಿಕೊಡಲು ಹೇಳಿದಳು. ತಿರುಗಿ ಹೋಗುವಾಗ ಅವಳು ಅವನ ಭುಜ ಹಿಡಿದುಕೊಂಡು ಕೂತಳು. ಸ್ವಾರಗೇಟಿನ ತನಕ ಅವನು ಎಲ್ಲೂ ಬ್ರೇಕು ಒತ್ತದೆ, ನಿಧಾನವಾಗಿ ಗಾಡಿ ಹೊಡೆದ. ಪ್ರತಿ ಸಿಗ್ನಲ್ಲಿನಲ್ಲಿಯೂ ಈಗ ಹೇಳುತ್ತೇನೆ ಎಂದುಕೊಂಡ.

ಮರುದಿನ ಎಲ್ಲವೂ ಸಸೂತ್ರವಾಗಿ ಆಯಿತು. ಹಾಸಿದ ಜಮಖಾನದ ಮೇಲೆ ಅಪ್ಪ ಮಗಳನ್ನು ಕೂಡಿಸಿ, ಯಂಕವ್ವ ಕುಂಕುಮ ಹಚ್ಚಿದಳು. ಹಳದಿ ಬಟ್ಟೆ ತೊಟ್ಟುಕೊಂಡು ಹೊರಗೆ ಬಂದ ಹುಡುಗಿಯನ್ನು ನೋಡಿ ಅವಳ ಕಣ್ಣು ತುಂಬಿತು, ಮುದುಕಿ ಕೆಟ್ಟವಳೇನಲ್ಲ. "ಈಗ ನೋಡ್ರಿ, ಮಗಳು ಮಗಳ ಹಂಗ ಕಾಣ್ತಾಳ," ಎಂದಳು. "ಆದದ್ದಾತು. ಸಣ್ಣ ಕೂಸು, ತಪ್ಪ ಮಾಡ್ತು, ತಿದ್ದಿಕೊಂತು. ಯಾರೂ ಮನಸಿನ್ಯಾಗ ಇಟಗೋಬ್ಯಾಡ್ರಿ." ರಾಮಲಿಂಗಪ್ಪ ತಿಂಗಳ ಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟ, ಇಟ್ಟವನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಕೋಣೆಯಲ್ಲಿದ್ದವರೆಲ್ಲ ಮೂಗೊರೆಸಿಕೊಂಡರು. ಯಂಕವ್ವ ಹಣಮಂತ್ರಾಯನ ಕಡೆ ತಿರುಗಿ, ಸೋದರಮಾವ ಅಂದ್ರ ಹಿಂಗಿರಬೇಕು, ಕೂಸಿನ್ನ ಹಾದಿಗೆ ತಂದಿರಿ ಎಂದಳು, ನಾಲ್ಕು ಜನ ಹೌದ್ಹೌದು ಎಂದರು. ರಂಜನಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆ ಮೂರು ಶಬ್ದಗಳನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿ ತೆರೆದನೂ ಸಹ. "ಎಲ್ಲಾ ಆಕೀದೇ ಆಯ್ಕೆ, ನಂದೇನೂ ಇಲ್ರಿ," ಎಂಬ ವಿನಯದ ಮಾತು ಹೊರಗೆ ಬಂತು.

ಹುಡುಗಿ ಒಬ್ಬೊಬ್ಬರ ಪಾದ ಮುಟ್ಟುತ್ತ ಬಂದು ಅವನ ಮುಂದೆ ನಿಂತಳು. ಹೊಸ ಬಟ್ಟೆಯ ಗಂಜಿ ಇನ್ನೂ ಬಿರುಸಾಗಿತ್ತು, ಬಾಗಿದಾಗ ಸದ್ದು ಮಾಡಿತು. ಏನಾದರೂ ಹೇಳಿ ಹರಸಬೇಕಿತ್ತು. ಎಲ್ಲರೂ ನೋಡುತ್ತಿದ್ದರು, ಅವನಿಗೆ ಬೇರೆ ಮಾತು ತೋಚಲಿಲ್ಲ.

"ಚಂದ ಕಾಣತೀವ್ವಾ," ಎಂದ.

ಅವಳು ತಲೆಯೆತ್ತಿದಳು. ಮುಖದಲ್ಲಿ ಸಣ್ಣ ಮಕ್ಕಳದೊಂದು ಆಸೆ ಇತ್ತು. "ಅವ್ವ ಇದ್ದಿದ್ರ ಆಕೀನೂ ಹಂಗೇ ಅಂತಿದ್ಲಲ್ಲ ಮಾಮಾ?"

"ಹೂಂ," ಎಂದ ಹಣಮಂತ್ರಾಯ.